ಮನೆ ಬಿಟ್ಟ ಮೇಲೆ ಮುಂಗಡಕ್ಕಿಂತ ದೊಡ್ಡ ಬಿಲ್ಲು ಬಂದಿದೆ, ಏನು ಮಾಡಲಿ?

ಖಾಲಿ ಕೈ

ಮೂರು ವರ್ಷ ಎರಡು ತಿಂಗಳು ಇದ್ದ ಬಾಡಿಗೆ ಮನೆಯನ್ನು ಹೋದ ತಿಂಗಳ ಕೊನೆಯಲ್ಲಿ ಖಾಲಿ ಮಾಡಿದೆವು. ಕೀಲಿ ಕೊಟ್ಟಾಗ ಮಾಲೀಕರು ನಗುನಗುತ್ತಲೇ ತೆಗೆದುಕೊಂಡು, "ಲೆಕ್ಕ ನೋಡಿ ಮುಂಗಡ ಹಾಕುತ್ತೇನೆ" ಎಂದರು. ಹದಿನೆಂಟು ದಿನಗಳಾದ ಮೇಲೆ ಲೆಕ್ಕ ಬಂತು, ಮುಂಗಡ ಬರಲಿಲ್ಲ. ನಾನೇ ಇನ್ನಷ್ಟು ಕೊಡಬೇಕಂತೆ.

ನಿಜವಾದ ಮೊತ್ತಗಳು ಇಲ್ಲಿ ಬೇಡ. ತಿಂಗಳ ಬಾಡಿಗೆ 100 ಎಂದಿಟ್ಟುಕೊಳ್ಳಿ. ನಾನು ಕೊಟ್ಟಿದ್ದ ಮುಂಗಡ 200. ಅವರು ಮುರಿದುಕೊಂಡಿರುವುದು ಹೀಗೆ: ಇಡೀ ಮನೆಗೆ ಬಣ್ಣ 90, ನೋಟಿಸ್ ಅವಧಿ ಕಡಿಮೆಯಾಯಿತೆಂದು 50, ಹೊಸ ಗೀಸರ್ 45, ಅಡುಗೆಮನೆಯ ಕಲ್ಲಿನ ಕಟ್ಟೆ 30, ಮೆಟ್ಟಿಲ ದೀಪ ಮತ್ತು ಪಂಪಿನ ಕರೆಂಟ್ ಬಾಕಿ 25, ಶುಚಿ ಮಾಡಿಸಿದ್ದಕ್ಕೆ 20. ಒಟ್ಟು 260. ಮುಂಗಡ ಹೋಗಿ ಇನ್ನೂ 60 ನನ್ನ ಬಾಕಿಯಂತೆ, ಅದೂ ವಾರದೊಳಗೆ.

ಫೋನ್ ಮಾಡಿದೆ. ಇಬ್ಬರ ದನಿಯೂ ಏರಿತು. ಆಡಬಾರದ ಮಾತು ಒಂದೆರಡು ನನ್ನ ಬಾಯಿಂದಲೂ ಬಂತು. ಈಗ ಅವರು ಕರೆ ತೆಗೆಯುತ್ತಿಲ್ಲ. ನ್ಯಾಯಾಲಯಕ್ಕೆ ಹೋಗುವಷ್ಟು ಹಣವೇ ಇದು? ಬಿಟ್ಟುಬಿಡುವಷ್ಟು ಸಣ್ಣದೂ ಅಲ್ಲ. ದಾರಿ ಹೇಳಿ.

ಬೆಂಕಿಪೊಟ್ಟಣ

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ನೇರವಾಗಿ ಮನೆಗೆ ಹೋಗಿ, ಹೊಸ ಬಾಡಿಗೆದಾರರ ಎದುರಿಗೇ ಕೇಳಿ. ಮಾಲೀಕರ ಹೆಸರು, ವಿಳಾಸ, ಫೋಟೋ ಎಲ್ಲವನ್ನೂ ಹತ್ತು ಕಡೆ ಹಾಕಿ. ಮರ್ಯಾದೆಗೆ ಅಂಜಿ ಮರುದಿನವೇ ಹಣ ಹಾಕುತ್ತಾರೆ.

ನಿವೃತ್ತ ಗುಮಾಸ್ತ

ಮೇಲಿನ ಸಲಹೆಯನ್ನು ಪಾಲಿಸಬೇಡಿ. ಹೆಸರು, ವಿಳಾಸ ಹಾಕಿ ಬಯ್ದರೆ ಇಂದು ಹಣ ಬರಬೇಕಾದವರು ನೀವು, ನಾಳೆ ಮಾನನಷ್ಟದ ನೋಟಿಸಿಗೆ ಉತ್ತರ ಬರೆಯಬೇಕಾದವರೂ ನೀವೇ. ಮನೆ ಬಾಗಿಲಲ್ಲಿ ಗಲಾಟೆ ಮಾಡಿದರೂ ಅಷ್ಟೆ. ಆ ಮೇಲೆ ಎಲ್ಲರೂ ಗಲಾಟೆಯ ಬಗ್ಗೆ ಮಾತನಾಡುತ್ತಾರೆ, ಲೆಕ್ಕದ ಬಗ್ಗೆ ಯಾರೂ ಕೇಳುವುದಿಲ್ಲ.

ಖಾಲಿ ಕೈ ಅವರೇ, ಮೊದಲು ಒಂದು ಪ್ರಶ್ನೆ. ಈ ಆರು ಬಾಬ್ತುಗಳಲ್ಲಿ ನಿಜವಾಗಿ ನಿಮ್ಮ ಮೇಲೆ ಬರುವಂಥದ್ದು ಯಾವುದು? ಒಂದೂ ಇಲ್ಲ ಎನ್ನಬೇಡಿ. ಮೂರು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಏನಾದರೂ ಇದ್ದೇ ಇರುತ್ತದೆ.

ಖಾಲಿ ಕೈ

ಕೇಳಿದಿರಿ, ಹೇಳುತ್ತೇನೆ. ಕೋಣೆಯ ಒಂದು ಗೋಡೆಯ ಮೇಲೆ ಮಗಳು ಕ್ರಯಾನಿನಿಂದ ಗೀಚಿದ್ದಾಳೆ. ಒರೆಸಿದೆವು, ಹೋಗಲಿಲ್ಲ. ಸಿಂಕಿನ ಪಕ್ಕದ ಗ್ರಾನೈಟ್ ಅಂಚು ನನ್ನ ಕೈಯಿಂದಲೇ ಒಡೆದದ್ದು, ಭಾರದ ಪಾತ್ರೆ ಜಾರಿ ಬಿತ್ತು. ಎರಡು ಬೆರಳಿನಷ್ಟು ಚೂರು ಹಾರಿದೆ. ಮನೆಯನ್ನು ಗುಡಿಸಿ ಒರೆಸಿಯೇ ಬಿಟ್ಟೆವು, ಆದರೆ ಒಲೆಯ ಮೇಲಿನ ಚಿಮಣಿಯ ಜಿಡ್ಡು ಹಾಗೇ ಇತ್ತು.

ನೋಟಿಸಿನದ್ದು ಸ್ವಲ್ಪ ಗೋಜಲು. ಕರಾರು ಪತ್ರದಲ್ಲಿ ಒಂದು ತಿಂಗಳ ಲಿಖಿತ ನೋಟಿಸ್ ಎಂದಿದೆ. ಹಿಂದಿನ ತಿಂಗಳ 28ರಂದೇ ಫೋನಿನಲ್ಲಿ ತಿಳಿಸಿದ್ದೆ, ಬರೆದು ಕಳುಹಿಸಿದ್ದು 14ರಂದು. ಅವರು 14ರಿಂದ ಎಣಿಸಿ ಅರ್ಧ ತಿಂಗಳು ಕಡಿಮೆ ಎನ್ನುತ್ತಿದ್ದಾರೆ.

ಗೀಸರ್ ನಾವು ಬಂದಾಗಲೇ ಹಳೆಯದು. ಕೊನೆಯ ತಿಂಗಳು ನೀರು ಬಿಸಿಯಾಗುವುದನ್ನು ನಿಲ್ಲಿಸಿತು. ಹೇಳಿದೆವು, ಯಾರೂ ಬಂದು ನೋಡಲಿಲ್ಲ. ಪಂಪಿನ ಬಾಕಿ ಎನ್ನುವ ಮಾತನ್ನು ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಲೆಕ್ಕಪುಸ್ತಕ

ಈಗ ದಾರಿ ಕಾಣುತ್ತಿದೆ. 260 ಎಂಬ ಮೊತ್ತವನ್ನು ಮರೆತುಬಿಡಿ. ಮೊತ್ತದ ಜೊತೆ ಯಾರೂ ವಾದ ಮಾಡಲಾಗದು, ಸಾಲಿನ ಜೊತೆ ಮಾಡಬಹುದು. ಆರು ಸಾಲುಗಳಿವೆ, ಆರು ಬೇರೆ ಬೇರೆ ಜಗಳಗಳೆಂದು ತಿಳಿಯಿರಿ.

ಬಣ್ಣದಿಂದ ಶುರು ಮಾಡೋಣ, ಅದೇ ದೊಡ್ಡದು. ಬಾಡಿಗೆ ಕಾನೂನು ಎಲ್ಲಿಯದೇ ಆಗಿರಲಿ, ಸಹಜ ಸವೆತ ಬೇರೆ, ಹಾನಿ ಬೇರೆ ಎಂಬ ವ್ಯತ್ಯಾಸವನ್ನು ಬಹುಪಾಲು ಕಡೆ ಒಪ್ಪುತ್ತಾರೆ. ಬಿಸಿಲಿಗೆ ಮಂಕಾದ ಬಣ್ಣ, ಸೋಫಾ ತಾಗಿದ ಗೆರೆ, ಓಡಾಡಿ ಸವೆದ ನೆಲ ಸಹಜ ಸವೆತ. ಬಾಡಿಗೆ ಕೊಡುವುದೇ ಅದಕ್ಕೆ. ಸುಟ್ಟ ಕಲೆ, ಒಡೆದ ಗಾಜು, ನಿಮ್ಮ ಮಗಳ ಚಿತ್ರಕಲೆ ಹಾನಿ.

ಹಾನಿಯಾದರೂ ಹಳೆಯದಕ್ಕೆ ಹೊಸದರ ಬೆಲೆ ಕೇಳುವಂತಿಲ್ಲ. ಸವಕಳಿ ಕಳೆಯಬೇಕು. ಒಳಗೋಡೆಯ ಬಣ್ಣದ ಆಯಸ್ಸು ಐದು ವರ್ಷ, ಅಂದರೆ 60 ತಿಂಗಳು ಎಂದು ಹಿಡಿಯಿರಿ. ನೀವು ಬರುವುದಕ್ಕೆ ಒಂದು ವರ್ಷ ಮೊದಲು ಬಳಿಸಿದ್ದರೆ 12 ತಿಂಗಳು, ನೀವಿದ್ದದ್ದು 38, ಒಟ್ಟು 50. ಉಳಿದದ್ದು 10 ತಿಂಗಳ ಬಣ್ಣ. 90ರಲ್ಲಿ ಆರನೇ ಒಂದು ಪಾಲು, 15. ಅದೂ ಇಡೀ ಮನೆಯ ಗೋಡೆಗಳನ್ನು ನೀವು ಕೆಡಿಸಿದ್ದರೆ ಮಾತ್ರ. ನೀವು ಕೆಡಿಸಿದ್ದು ಒಂದು ಗೋಡೆ.

ಕಲ್ಲಿನ ಕಟ್ಟೆಯ ಲೆಕ್ಕ ಹೀಗಲ್ಲ. ಗ್ರಾನೈಟ್ ದಶಕಗಳ ಕಾಲ ಬಾಳುತ್ತದೆ, ಸವಕಳಿಯ ವಾದ ಅಲ್ಲಿ ಹೆಚ್ಚು ಓಡುವುದಿಲ್ಲ. ಅಲ್ಲಿ ಕೇಳಬೇಕಾದದ್ದು, ಚೂರು ಹಾರಿದ ಅಂಚಿಗೆ ಇಡೀ ಕಟ್ಟೆ ಬದಲಾಯಿಸಬೇಕೇ ಎಂದು. ಅಂಚನ್ನು ತುಂಬಿಸಿ ಪಾಲಿಶ್ ಮಾಡಿಸಬಹುದು. ನೀವೇ ಒಬ್ಬ ಕಲ್ಲು ಕೆಲಸದವರಿಗೆ ಫೋಟೋ ತೋರಿಸಿ ದರ ಬರೆಸಿಕೊಳ್ಳಿ.

ಮೇಲಿನ ಮಹಡಿ

ನಾನು ಇನ್ನೊಂದು ಕಡೆಯವಳು. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟು ಹನ್ನೊಂದು ವರ್ಷವಾಯಿತು. ಇಲ್ಲಿ ಮಾಲೀಕರೆಂದರೆ ದರೋಡೆಕೋರರು ಎನ್ನುವ ಧಾಟಿ ಕಾಣುತ್ತಿದೆ. ಬಾಗಿಲಿನ ಚಿಲಕ ಕಿತ್ತು, ಶೌಚಾಲಯದ ಕೊಳವೆ ಕಟ್ಟಿಕೊಳ್ಳುವಂತೆ ಮಾಡಿ, ಎರಡು ತಿಂಗಳ ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಹೋದವರನ್ನೂ ನಾನು ಕಂಡಿದ್ದೇನೆ.

ಆದರೂ ಈ ಪಟ್ಟಿಯನ್ನು ನೋಡಿದರೆ ನನಗೇ ಮುಜುಗರವಾಗುತ್ತದೆ. ಬಣ್ಣ ಬಳಿಸುವುದು ಮಾಲೀಕರ ಖರ್ಚು, ಹೊಸಬರಿಗೆ ಮನೆ ತೋರಿಸಲು ನಾವು ಬಳಿಸಿಕೊಳ್ಳುತ್ತೇವೆ. ಹೋಗುವವರ ತಲೆಗೆ ಕಟ್ಟುವುದು ಅಭ್ಯಾಸವಾಗಿಬಿಟ್ಟಿದೆ. ಕೇಳುವವರಿಲ್ಲ ಎಂದು ನಡೆಯುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ನನಗೆ "ನೀವು ಮೋಸ ಮಾಡುತ್ತಿದ್ದೀರಿ" ಎಂದು ಬರೆದವರಿಗೆ ನಾನು ಉತ್ತರವನ್ನೇ ಕೊಟ್ಟಿಲ್ಲ. ಒಬ್ಬ ಹುಡುಗ, ಮೂರು ಸಾಲುಗಳನ್ನು ಒಪ್ಪಿ ಎರಡನ್ನು ಒಪ್ಪದೆ, ಫೋಟೋ ಇಟ್ಟು ಬರೆದ. ಅವನಿಗೆ ಮರುದಿನವೇ ಹಣ ಕೊಟ್ಟೆ. ಒಪ್ಪಿದ್ದರಿಂದ ಅವನು ಸುಳ್ಳು ಹೇಳುವವನಲ್ಲ ಎನಿಸಿತು, ಉಳಿದ ಎರಡೂ ನಿಜವಿರಬೇಕು ಎಂದುಕೊಂಡೆ.

ನೋಟಿಸಿನ ವಿಷಯ: ನೀವು ಹೋದ ಎಷ್ಟನೇ ದಿನಕ್ಕೆ ಹೊಸಬರು ಬಂದರು?

ಖಾಲಿ ಕೈ

ಆರನೇ ದಿನ. ಹಳೆಯ ಪಕ್ಕದ ಮನೆಯವರು ಹೇಳಿದರು. ನಡುವೆ ಐದು ದಿನ ಮನೆ ಖಾಲಿಯಿತ್ತು, ಅದರಲ್ಲೂ ಮೂರು ದಿನ ಬಣ್ಣದವರಿದ್ದರಂತೆ.

ಮೇಲಿನ ಮಹಡಿ

ಹಾಗಾದರೆ ಅರ್ಧ ತಿಂಗಳ ಬಾಡಿಗೆಯನ್ನು ನಿಮ್ಮಿಂದಲೂ ಹೊಸಬರಿಂದಲೂ ಪಡೆದಂತಾಯಿತು. ಒಂದೇ ಮನೆಗೆ ಒಂದೇ ದಿನಕ್ಕೆ ಎರಡು ಬಾಡಿಗೆ. ಐದು ದಿನದ್ದು ಕೇಳಿದರೆ ಅರ್ಥವಿದೆ.

ನಿವೃತ್ತ ಗುಮಾಸ್ತ

ಮೇಡಂ ಹೇಳಿದ್ದು ಸರಿ. ನಷ್ಟವಾದಷ್ಟಕ್ಕೆ ಪರಿಹಾರ, ನಷ್ಟವನ್ನು ತಗ್ಗಿಸಲು ಪ್ರಯತ್ನಿಸುವುದು ನಷ್ಟ ಕೇಳುವವರ ಹೊಣೆ. ಇದು ಹಲವು ನ್ಯಾಯವ್ಯವಸ್ಥೆಗಳಲ್ಲಿ ಬೇರೂರಿದ ತತ್ವ.

28ರ ಫೋನ್ ಕರೆಯ ಮೇಲೆ ಬಹಳ ಭರವಸೆ ಇಡಬೇಡಿ. ಕರೆ ಮಾಡಿದ್ದಕ್ಕೆ ಮೊಬೈಲಿನಲ್ಲಿ ದಾಖಲೆಯಿದೆ, ಏನು ಮಾತನಾಡಿದಿರಿ ಎಂಬುದಕ್ಕಿಲ್ಲ. ಅದರ ನಂತರ ಅವರು ಕಳುಹಿಸಿದ ಸಂದೇಶಗಳಲ್ಲಿ ಮನೆ ಬಿಡುವ ಪ್ರಸ್ತಾಪ ಒಂದಾದರೂ ಇದೆಯೇ ಹುಡುಕಿ. ಇಲ್ಲದಿದ್ದರೆ ಐದು ದಿನದ್ದನ್ನು ಒಪ್ಪಿಕೊಳ್ಳಿ, 100ನ್ನು 30ರಿಂದ ಭಾಗಿಸಿ ಐದರಿಂದ ಗುಣಿಸಿದರೆ ಸುಮಾರು 17.

ಕಾನೂನು ನಾಡಿನಿಂದ ನಾಡಿಗೆ ಬದಲಾಗುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಇಂಗ್ಲೆಂಡಿನಲ್ಲಿ ಸಾಮಾನ್ಯ ಖಾಸಗಿ ಬಾಡಿಗೆಯ ಮುಂಗಡವನ್ನು ಪಡೆದ 30 ದಿನಗಳೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಡಬೇಕು, ತಕರಾರು ಬಂದರೆ ಆ ಯೋಜನೆಯೇ ಉಚಿತವಾಗಿ ತೀರ್ಮಾನಿಸುವ ವ್ಯವಸ್ಥೆಯಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನಗಳೊಳಗೆ ಬಾಬ್ತುವಾರು ಲೆಕ್ಕ ಕೊಡಬೇಕು. ಜರ್ಮನಿಯಲ್ಲಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ನೀವಿರುವಲ್ಲಿ ಇಂಥ ಗಡುವು ಇದ್ದು ಅದು ಮೀರಿದ್ದರೆ, ಅದೊಂದೇ ನಿಮ್ಮ ಅರ್ಧ ಕೆಲಸವನ್ನು ಮಾಡುತ್ತದೆ.

ತಂತಿ

ನಾನು ಎಲೆಕ್ಟ್ರಿಷಿಯನ್. ಗೀಸರ್ ಬಗ್ಗೆ ಎರಡು ಮಾತು. ಅದರ ಮೈಮೇಲೆ ತಯಾರಿಕೆಯ ವರ್ಷ ಬರೆದ ಚೀಟಿ ಅಂಟಿರುತ್ತದೆ. ಹಳೆಯ ಫೋಟೋಗಳಲ್ಲಿ ಎಲ್ಲಾದರೂ ಬಿದ್ದಿದೆಯೇ ನೋಡಿ. ಗಡಸು ನೀರಿದ್ದರೆ ಒಳಗಿನ ಕಾಯಿಲಿನ ಮೇಲೆ ಸುಣ್ಣ ಕಟ್ಟಿ ಅದು ಸುಟ್ಟು ಹೋಗುತ್ತದೆ. ಬಳಸಿದವರ ತಪ್ಪಲ್ಲ ಅದು. ನೀರು ಬಿಸಿಯಾಗುತ್ತಿಲ್ಲ, ಸೋರುತ್ತಿಲ್ಲ ಎಂದರೆ ಬಹಳ ಸಲ ಕಾಯಿಲ್ ಅಥವಾ ಥರ್ಮೋಸ್ಟಾಟ್ ಬದಲಾಯಿಸಿದರೆ ಮುಗಿಯಿತು. ಟ್ಯಾಂಕೇ ತೂತಾದರೆ ಮಾತ್ರ ಹೊಸದು ಬೇಕು.

ನನಗೆ ಅನುಮಾನ ಇರುವುದು ಪಂಪಿನ ಬಾಕಿಯ ಮೇಲೆ. ಮೂರು ವರ್ಷ ಪಂಪಿನ ಬಿಲ್ಲು ಯಾವ ಮೀಟರಿನಲ್ಲಿ ಓಡುತ್ತಿತ್ತು? ಸಾಮಾನ್ಯ ಬಳಕೆಗೆ ಬೇರೆ ಮೀಟರ್ ಇತ್ತೇ?

ಮೂರನೇ ಬಾಗಿಲು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನಿನ್ನೂ ಬಾಡಿಗೆ ಮನೆಯಲ್ಲೇ ಇದ್ದೇನೆ, ಒಬ್ಬನೇ, ಹಗಲಿಡೀ ಕೆಲಸಕ್ಕೆ ಹೋಗಿರುತ್ತೇನೆ. ಕರೆಂಟ್ ಬಿಲ್ಲು ಮಾತ್ರ ತುಂಬು ಸಂಸಾರದವರದ್ದರಂತೆ ಬರುತ್ತದೆ. ಮಾಲೀಕರು "ನಿಮ್ಮ ಫ್ರಿಜ್ ಹಳೆಯದು" ಎನ್ನುತ್ತಾರೆ. ಪರೀಕ್ಷಿಸುವುದು ಹೇಗೆ?

ತಂತಿ

ಸುಲಭ. ನಿಮ್ಮ ಮನೆಯ ಮೇನ್ ಸ್ವಿಚ್ ಆರಿಸಿ. ಮೀಟರಿನ ಮೇಲೆ ಮಿನುಗುವ ಸಣ್ಣ ಕೆಂಪು ದೀಪವನ್ನು ನೋಡಿ. ಮೇನ್ ಆರಿಸಿದ ಮೇಲೆ ಅದು ಮಿನುಗುವುದನ್ನು ನಿಲ್ಲಿಸಬೇಕು. ನಿಲ್ಲದಿದ್ದರೆ ಮೀಟರಿಗೂ ನಿಮ್ಮ ಸ್ವಿಚ್ಚಿಗೂ ನಡುವೆ ಬೇರೆ ಯಾರದೋ ತಂತಿ ಸೇರಿಕೊಂಡಿದೆ, ಇಲ್ಲವೇ ಮೀಟರೇ ಕೆಟ್ಟಿದೆ. ರಾತ್ರಿಯೂ ಒಮ್ಮೆ ನೋಡಿ. ಮೆಟ್ಟಿಲ ದೀಪ ಹಗಲು ಉರಿಯುವುದಿಲ್ಲ.

ಮೀಟರಿನ ಮೇಲೆ 1600 ಅಥವಾ 3200 ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಒಂದು ಯೂನಿಟ್ಟಿಗೆ ಅಷ್ಟು ಸಲ ಮಿನುಗುತ್ತದೆ ಎಂದು ಅರ್ಥ. ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡ್ ಎಂದು ಎಣಿಸಿ. ವಿಡಿಯೋ ಮಾಡಿಕೊಳ್ಳಿ, ಆರಿಸಿದ ಸ್ವಿಚ್ಚೂ ಮಿನುಗುವ ದೀಪವೂ ಒಂದೇ ಓಟದಲ್ಲಿ ಕಾಣಬೇಕು. ತಂತಿಗೆ ಮಾತ್ರ ಕೈ ಹಾಕಬೇಡಿ, ಮೀಟರಿನ ಮುಚ್ಚಳ, ಮೊಹರು ಮುಟ್ಟಬೇಡಿ.

ಮೂರನೇ ಬಾಗಿಲು

ಈಗಷ್ಟೇ ನೋಡಿ ಬಂದೆ. ಸಂಜೆ ಮಿನುಗಲಿಲ್ಲ, ರಾತ್ರಿ ಎಂಟರ ನಂತರ ಶುರುವಾಯಿತು! ಮೇನ್ ಆರಿಸಿದ್ದರೂ ಹತ್ತು ಸೆಕೆಂಡಿಗೊಮ್ಮೆ. ಮೀಟರಿನ ಮೇಲೆ 3200 ಎಂದಿದೆ.

ಲೆಕ್ಕಪುಸ್ತಕ

ಹತ್ತು ಸೆಕೆಂಡಿಗೊಮ್ಮೆ ಎಂದರೆ ಗಂಟೆಗೆ 360. ಅದನ್ನು 3200ರಿಂದ ಭಾಗಿಸಿದರೆ ಗಂಟೆಗೆ 0.11 ಯೂನಿಟ್, ಹೆಚ್ಚು ಕಡಿಮೆ 112 ವ್ಯಾಟಿನ ಬಳಕೆ. ರಾತ್ರಿಗೆ ಹತ್ತು ಗಂಟೆ ಉರಿದರೂ ತಿಂಗಳಿಗೆ ಸುಮಾರು 34 ಯೂನಿಟ್ ನೀವು ಬೇರೆಯವರ ಬೆಳಕಿಗೆ ಕೊಡುತ್ತಿದ್ದೀರಿ. ಫ್ರಿಜ್ ನಿರಪರಾಧಿ.

ಖಾಲಿ ಕೈ

ನಾನು ಬಿಟ್ಟು ಬಂದ ಮನೆಯ ಮೀಟರನ್ನು ಈಗ ನೋಡಲಾಗುವುದಿಲ್ಲವಲ್ಲ ಎಂದು ಬೇಸರಪಟ್ಟುಕೊಂಡು ಕೂತಿದ್ದೆ. ಆಗ ಹೆಂಡತಿ ನೆನಪಿಸಿದಳು. ಹಿಂದಿನ ವರ್ಷ ಅವಳ ತಂದೆಗೆ ಶಸ್ತ್ರಚಿಕಿತ್ಸೆಯಾದಾಗ ನಾವು ಒಂದೂವರೆ ತಿಂಗಳು ಮನೆಗೆ ಬೀಗ ಹಾಕಿ ಹೋಗಿದ್ದೆವು. ಫ್ರಿಜ್ ಖಾಲಿ ಮಾಡಿ, ಮೇನ್ ಆರಿಸಿಯೇ ಹೋಗಿದ್ದೆವು. ಬಿಲ್ಲುಗಳ ಕಟ್ಟು ತೆಗೆದು ನೋಡಿದೆ. ಪೂರ್ತಿ ಬೀಗ ಬಿದ್ದಿದ್ದ ಆ ತಿಂಗಳಿನ ಬಿಲ್ಲಿನಲ್ಲಿ 74 ಯೂನಿಟ್ ಇದೆ. ಆಗ ಗಮನಿಸದೇ ಕಟ್ಟಿಬಿಟ್ಟಿದ್ದೆ.

ತಂತಿ

ಸಿಕ್ಕಿತು. ಒಂದು ಅಶ್ವಶಕ್ತಿಯ ಪಂಪು ಮುಕ್ಕಾಲರಿಂದ ಒಂದು ಕಿಲೋವ್ಯಾಟ್ ಎಳೆಯುತ್ತದೆ. ದಿನಕ್ಕೆ ಎರಡು ಗಂಟೆ ಓಡಿದರೆ ತಿಂಗಳಿಗೆ 45ರಿಂದ 60 ಯೂನಿಟ್. ಉಳಿದದ್ದು ಮೆಟ್ಟಿಲ ದೀಪ. 74 ಹತ್ತಿರಕ್ಕೆ ಬಂತು. ಪಂಪಿನ ಬಾಕಿ ನಿಮ್ಮ ಮೇಲಿರುವುದಲ್ಲ, ಮೂರು ವರ್ಷ ಇಡೀ ಕಟ್ಟಡದ ನೀರನ್ನು ನೀವೇ ಎತ್ತಿಸಿದ್ದೀರಿ.

ಬೆಂಕಿಪೊಟ್ಟಣ

74ನ್ನು 38 ತಿಂಗಳಿಂದ ಗುಣಿಸಿ. 2812 ಯೂನಿಟ್. ಅಷ್ಟನ್ನೂ ಬಡ್ಡಿ ಸಮೇತ ಕೇಳಿ. ಕೊಡದಿದ್ದರೆ ವಿದ್ಯುತ್ ಕಳ್ಳತನ ಎಂದು ದೂರು ಕೊಡುತ್ತೇನೆಂದು ಹೆದರಿಸಿ.

ನಿವೃತ್ತ ಗುಮಾಸ್ತ

ಒಂದು ತಿಂಗಳ ಬಿಲ್ಲು ಒಂದು ತಿಂಗಳಿಗೆ ಸಾಕ್ಷಿ, 38 ತಿಂಗಳಿಗೆ ಅಲ್ಲ. ಉಳಿದ 37 ತಿಂಗಳಲ್ಲಿ ನಿಮ್ಮ ಬಳಕೆ ಎಷ್ಟು, ಪಂಪಿನದ್ದೆಷ್ಟು ಎಂದು ಬೇರ್ಪಡಿಸುವುದು ಹೇಗೆ? ವಾದಿಸಬಹುದು, ಗೆಲ್ಲುವುದು ಬೇರೆ ಮಾತು. ಹಣ ಕೊಡದಿದ್ದರೆ ದೂರು ಕೊಡುತ್ತೇನೆ ಎಂಬ ಮಾತನ್ನಂತೂ ಬರವಣಿಗೆಯಲ್ಲಿ ಎಂದಿಗೂ ಇಡಬೇಡಿ. ಎಷ್ಟೋ ಕಡೆ ಅದೇ ಬೆದರಿಕೆ ಹಾಕಿ ಹಣ ಕೇಳಿದ ಅಪರಾಧವಾಗಿ ನಿಮ್ಮ ಮೇಲೆ ತಿರುಗುತ್ತದೆ.

ಬಿಲ್ಲನ್ನು ಸುಮ್ಮನೆ ಪತ್ರದ ಜೊತೆ ಇಡಿ. ವಿವರಣೆ ಕೇಳಿ. ಅಷ್ಟು ಸಾಕು.

ಲೆಕ್ಕಪುಸ್ತಕ

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. 2812 ಕೇಳದಿರಬಹುದು, ಆದರೆ ಅದನ್ನು ಬಿಟ್ಟುಕೊಟ್ಟಿದ್ದೇನೆ ಎನ್ನುವುದೂ ಬೇಡ. "ಈ ಬಗ್ಗೆ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ" ಎಂಬ ಒಂದು ಸಾಲು ಇರಲಿ.

ನಿವೃತ್ತ ಗುಮಾಸ್ತ

ಆ ಸಾಲು ಇರಲಿ, ನನ್ನ ತಕರಾರಿಲ್ಲ.

ಪತ್ರದ ಕರಡು ಬರೆದಿದ್ದೇನೆ. ಮುವ್ವತ್ತು ವರ್ಷ ಬೇರೆಯವರ ಅರ್ಜಿಗಳನ್ನು ಓದಿದವನು. ಉದ್ದದ ಅರ್ಜಿಯನ್ನು ಯಾರೂ ಓದುವುದಿಲ್ಲ, ವಿಶೇಷಣಗಳನ್ನಂತೂ ಓದುವುದೇ ಇಲ್ಲ.

"ಮಾನ್ಯರೇ,

ತಾವು ಕಳುಹಿಸಿದ ಲೆಕ್ಕ ತಲುಪಿದೆ. ಫೋನಿನಲ್ಲಿ ನಾನು ಒರಟಾಗಿ ಮಾತನಾಡಿದ್ದಕ್ಕೆ ವಿಷಾದಿಸುತ್ತೇನೆ. ಬಾಬ್ತುವಾರು ನನ್ನ ಉತ್ತರ ಹೀಗಿದೆ.

ಬಣ್ಣ: ಕೋಣೆಯ ಒಂದು ಗೋಡೆಯ ಕಲೆ ನಮ್ಮಿಂದಾದದ್ದು. ಅದಕ್ಕೆ 5 ಒಪ್ಪುತ್ತೇನೆ. ಉಳಿದ ಗೋಡೆಗಳದ್ದು ಸಹಜ ಸವೆತ. ಹಿಂದಿನ ಸಲ ಬಣ್ಣ ಬಳಿಸಿದ ದಿನಾಂಕ ಮತ್ತು ಈಗಿನ ಕೆಲಸದ ರಸೀದಿ ಕಳುಹಿಸಿ.

ಕಲ್ಲಿನ ಕಟ್ಟೆ: ಅಂಚು ಒಡೆದದ್ದು ನಮ್ಮಿಂದ. ದುರಸ್ತಿಯ ದರಪಟ್ಟಿ ಲಗತ್ತಿಸಿದೆ. ಆ ಮೊತ್ತವನ್ನು ಒಪ್ಪುತ್ತೇನೆ.

ಶುಚಿ: ಚಿಮಣಿಗೆ ಮಾತ್ರ 4 ಒಪ್ಪುತ್ತೇನೆ. ಕೀಲಿ ಕೊಟ್ಟ ದಿನದ ಫೋಟೋಗಳು ಲಗತ್ತಿಸಿವೆ.

ನೋಟಿಸ್: ಮನೆ ಖಾಲಿಯಿದ್ದ ಐದು ದಿನಗಳಿಗೆ 17 ಒಪ್ಪುತ್ತೇನೆ.

ಗೀಸರ್: ಒಪ್ಪುವುದಿಲ್ಲ. ಕೆಟ್ಟ ದಿನವೇ ತಮಗೆ ತಿಳಿಸಿದ ಸಂದೇಶ ಲಗತ್ತಿಸಿದೆ.

ಸಾಮಾನ್ಯ ವಿದ್ಯುತ್: ಒಪ್ಪುವುದಿಲ್ಲ. ಮನೆಗೆ ಬೀಗ ಹಾಕಿದ್ದ ತಿಂಗಳಿನ ಬಿಲ್ಲು ಲಗತ್ತಿಸಿದೆ. ಅದರಲ್ಲಿರುವ 74 ಯೂನಿಟ್‌ಗೆ ವಿವರಣೆ ನೀಡಿ. ಈ ಬಗ್ಗೆ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಉಳಿದ ಮೊತ್ತವನ್ನು 14 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಿಕೆಗೆ ಬರಲು ಸಿದ್ಧನಿದ್ದೇನೆ. ಅದೂ ಆಗದಿದ್ದರೆ ಕಾನೂನು ತೋರಿಸುವ ದಾರಿಯಲ್ಲಿ ಮುಂದುವರಿಯುತ್ತೇನೆ."

ಇದನ್ನು ಇಮೇಲಿನಲ್ಲೂ, ತಲುಪಿದ್ದಕ್ಕೆ ರಸೀದಿ ಸಿಗುವ ಅಂಚೆಯಲ್ಲೂ ಕಳುಹಿಸಿ. ಫೋಟೋಗಳನ್ನು ವಾಟ್ಸ್ಆ್ಯಪಿನಲ್ಲಿ ಮಾಮೂಲಿನಂತೆ ಕಳುಹಿಸಬೇಡಿ. ಅದು ಚಿತ್ರವನ್ನು ಕುಗ್ಗಿಸಿ, ತೆಗೆದ ದಿನ, ಹೊತ್ತಿನ ಮಾಹಿತಿಯನ್ನು ಕಿತ್ತುಹಾಕುತ್ತದೆ. ಮೂಲ ಕಡತವನ್ನೇ ಇಮೇಲಿಗೆ ಲಗತ್ತಿಸಿ, ಮೊಬೈಲಿನಲ್ಲಿರುವುದನ್ನು ಅಳಿಸಬೇಡಿ.

ಮೂರನೇ ಬಾಗಿಲು

ನಾನು ಮುಂದಿನ ತಿಂಗಳಿನಿಂದ ಬಾಡಿಗೆಯಲ್ಲೇ ಕರೆಂಟಿನ ಹಣ ಹಿಡಿದುಕೊಳ್ಳಲೇ?

ಮೇಲಿನ ಮಹಡಿ

ಬೇಡಪ್ಪ. ಬಾಡಿಗೆ ಬಾಕಿ ಎಂದು ಮನೆ ಬಿಡಿಸಲು ಅವರ ಕೈಗೆ ನೀವೇ ಕಾರಣ ಕೊಟ್ಟಂತಾಗುತ್ತದೆ. ಬಾಡಿಗೆ ಪೂರ್ತಿ ಕಟ್ಟಿ, ವಿಡಿಯೋ ಕಳುಹಿಸಿ, ತಂತಿ ಬೇರ್ಪಡಿಸಿಕೊಡಿ ಎಂದು ಬರೆಯಿರಿ. ಎಷ್ಟೋ ಸಲ ಮಾಲೀಕರಿಗೇ ಗೊತ್ತಿರುವುದಿಲ್ಲ, ಕಟ್ಟುವಾಗ ಮೇಸ್ತ್ರಿಯೋ ಎಲೆಕ್ಟ್ರಿಷಿಯನ್ನೋ ಹತ್ತಿರ ಸಿಕ್ಕ ಮೀಟರಿಗೆ ಸೇರಿಸಿ ಹೋಗಿರುತ್ತಾರೆ.

ತಂತಿ

ಅಷ್ಟು ಹಗುರವಾಗಿ ನಮ್ಮವರ ಮೇಲೆ ಹಾಕಬೇಡಿ ಮೇಡಂ. ಆದರೂ ನಡೆಯುತ್ತದೆ, ಇಲ್ಲವೆನ್ನಲಾರೆ.

ಖಾಲಿ ಕೈ

ಹನ್ನೆರಡು ದಿನಗಳಾದ ಮೇಲೆ ಬರೆಯುತ್ತಿದ್ದೇನೆ.

ಕಲ್ಲು ಕೆಲಸದವರು ಅಂಚಿಗೆ 8 ಎಂದು ಬರೆದುಕೊಟ್ಟರು. ಹಾಗಾಗಿ ನಾನು ಒಪ್ಪಿದ್ದು ಒಟ್ಟು 34, ಕೇಳಿದ್ದು 166. ಪತ್ರ ತಲುಪಿದ ನಾಲ್ಕನೇ ದಿನ ಉತ್ತರ ಬಂತು. ಗೀಸರ್ ಕೈಬಿಟ್ಟಿದ್ದಾರೆ. ಕರೆಂಟ್ ಬಾಕಿ ಎಂಬ ಸಾಲು ಪಟ್ಟಿಯಿಂದ ಮಾಯವಾಗಿದೆ, ವಿವರಣೆ ಇಲ್ಲ, ಒಂದು ಅಕ್ಷರವೂ ಇಲ್ಲ. ನೋಟಿಸಿಗೆ 17 ಒಪ್ಪಿದ್ದಾರೆ, ಕಲ್ಲಿಗೆ 8 ಒಪ್ಪಿದ್ದಾರೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನೇ ಹೆಡ್ಡನಾದೆ. ಸವಕಳಿಯ ಲೆಕ್ಕ ಚೆನ್ನಾಗಿದೆ ಎನಿಸಿ ಪತ್ರದ ಕೊನೆಗೆ ಅದನ್ನೂ ಸೇರಿಸಿದ್ದೆ. ಅವರು ಅದನ್ನೇ ಎತ್ತಿಕೊಂಡು, "ನೀವೇ 15 ಎಂದಿದ್ದೀರಲ್ಲ" ಎಂದು ಹಿಡಿದರು. ಶುಚಿಗೆ 10 ಬೇಕಂತೆ. ಅವರ ಲೆಕ್ಕದಲ್ಲಿ ಕಡಿತ 50, ನನಗೆ ಬರುವುದು 150.

ಲೆಕ್ಕಪುಸ್ತಕ

ಆ 15 ಇಡೀ ಮನೆಯದ್ದು ಎಂದು ನಾನು ಬರೆದಿದ್ದೆ. ಆದರೂ ಪತ್ರಕ್ಕೆ ಸೇರಿಸುತ್ತೀರೆಂದು ಊಹಿಸಿರಲಿಲ್ಲ. ಗುಮಾಸ್ತರು ವಿಶೇಷಣ ಬೇಡ ಎಂದರು, ನನ್ನ ಗಣಿತವೂ ಬೇಡ ಎನ್ನಬೇಕಿತ್ತು.

ಮೇಲಿನ ಮಹಡಿ

260 ಎಂದವರು 50ಕ್ಕೆ ಇಳಿದಿದ್ದಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಡುವೆ ಎಲ್ಲಾದರೂ ನಿಲ್ಲಿಸಿ.

ಬೆಂಕಿಪೊಟ್ಟಣ

ಒಂದು ಪೈಸೆಯನ್ನೂ ಬಿಡಬೇಡಿ.

ಖಾಲಿ ಕೈ

ನಿನ್ನೆ ಮಾತನಾಡಿದೆ, ಈ ಸಲ ದನಿ ಏರಲಿಲ್ಲ. ಬಣ್ಣಕ್ಕೆ 10, ಶುಚಿಗೆ 5, ಕಲ್ಲಿಗೆ 8, ನೋಟಿಸಿಗೆ 17. ಕಡಿತ 40, ನನಗೆ 160. ಆರು ಅಂಕಕ್ಕಾಗಿ ಇನ್ನೊಂದು ತಿಂಗಳು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಹೆಂಡತಿಯೂ ಹೇಳಿದಳು. ಪಂಪಿನ ಮಾತೆತ್ತಿದೆ. "ಅದೆಲ್ಲ ಈಗ ಯಾಕೆ ಬಿಡಿ" ಎಂದರು.

ಒಂದು ಕಾಗದ ಕಳುಹಿಸಿದ್ದಾರೆ. "ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಹಣ ಪಡೆದಿದ್ದೇನೆ, ಇನ್ನು ಯಾವ ಬೇಡಿಕೆಯೂ ಇಲ್ಲ" ಎಂದಿದೆ. ಸಹಿ ಹಾಕಿ ಕಳುಹಿಸಿದರೆ ಹಣ ಹಾಕುತ್ತಾರಂತೆ.

ನಿವೃತ್ತ ಗುಮಾಸ್ತ

ಸಹಿ ಹಾಕಿದ ಮೇಲೆ ಪಂಪಿನ ಹಕ್ಕನ್ನು ಮರೆತುಬಿಡಬೇಕು, ಅದು ತಿಳಿದಿರಲಿ. ಒಪ್ಪಿದ್ದೇ ಆದರೆ ಎರಡು ತಿದ್ದುಪಡಿ ಮಾಡಿ. ಮೊದಲನೆಯದು, ಅವರಿಗೂ ನಿಮ್ಮಿಂದ ಇನ್ನೇನೂ ಬರಬೇಕಿಲ್ಲ ಎಂದು ಅವರೂ ಸಹಿ ಹಾಕಬೇಕು. ಇಲ್ಲದಿದ್ದರೆ ಆರು ತಿಂಗಳ ನಂತರ ಗೀಸರ್ ಮತ್ತೆ ಎದ್ದು ಬರುತ್ತದೆ. ಎರಡನೆಯದು, "ಪಡೆದಿದ್ದೇನೆ" ಎಂಬ ಕಾಗದಕ್ಕೆ ಪಡೆಯುವ ಮೊದಲು ಸಹಿ ಹಾಕಬೇಡಿ. ಅವರಿಗೆ ನಂಬಿಕೆ ಸಾಲದಿದ್ದರೆ "160 ಜಮಾ ಆದ ದಿನದಿಂದ ಜಾರಿಗೆ ಬರುತ್ತದೆ" ಎಂದು ಬರೆಯಿರಿ, ಇಬ್ಬರಿಗೂ ನೆಮ್ಮದಿ.

ಖಾಲಿ ಕೈ

ಹಾಗೆಯೇ ತಿದ್ದಿ ಕಳುಹಿಸಿದೆ. ಒಂದು ದಿನ ಮೌನ, ಆಮೇಲೆ ಸಹಿ ಬಂತು. ಇಂದು ಬೆಳಿಗ್ಗೆ 160 ಜಮಾ ಆಗಿದೆ.

ಈಗ ಇನ್ನೊಂದು ಯೋಚನೆ. ಆ ಮನೆಗೆ ಹೊಸದಾಗಿ ಬಂದವರ ಪರಿಚಯ ನನಗಿಲ್ಲ. ನಮ್ಮ ಹೆಸರಿಗೆ ಬಂದ ಒಂದು ಪಾರ್ಸೆಲ್ ಅವರ ಬಳಿ ಇದೆಯೆಂದು ಪಕ್ಕದ ಮನೆಯವರು ಅವರ ನಂಬರು ಕೊಟ್ಟಿದ್ದಾರೆ. ಮೀಟರಿನ ವಿಷಯ ಹೇಳಬೇಕೇ? ಇತ್ಯರ್ಥ ಮುರಿದಂತಾಗುತ್ತದೆಯೇ?

ನಿವೃತ್ತ ಗುಮಾಸ್ತ

ನಿಮ್ಮ ಬೇಡಿಕೆ ಮುಗಿದಿದೆ, ನಿಮ್ಮ ಬಾಯಿಗೆ ಬೀಗ ಬಿದ್ದಿಲ್ಲ. ಗೋಪ್ಯತೆಯ ಷರತ್ತು ಕಾಗದದಲ್ಲಿ ಇಲ್ಲ ತಾನೇ?

ಖಾಲಿ ಕೈ

ಇಲ್ಲ.

ಮೇಲಿನ ಮಹಡಿ

ಹೇಳಿ. ಆದರೆ ಮಾಲೀಕರನ್ನು ಬಯ್ಯಬೇಡಿ. ಒಮ್ಮೆ ಪರೀಕ್ಷಿಸಿ ನೋಡಿ ಎಂದಷ್ಟೇ ಹೇಳಿ.

ಮೂರನೇ ಬಾಗಿಲು

ನನ್ನ ಮಾಲೀಕರು ವಿಡಿಯೋ ನೋಡಿ ಎಲೆಕ್ಟ್ರಿಷಿಯನ್ನನ್ನು ಕಳುಹಿಸಿದರು, ತಂತಿ ಬೇರೆ ಮಾಡಿಸಿದರು. ಕಳೆದ ತಿಂಗಳುಗಳದ್ದನ್ನು ಕೊಡುವ ಮಾತಿಲ್ಲ, ಆದರೆ ಫ್ರಿಜ್ಜಿನ ಸುದ್ದಿ ನಿಂತಿದೆ.

ಖಾಲಿ ಕೈ

ಪಾರ್ಸೆಲ್ ತರಲು ಹೋದಾಗ ಹೇಳಿ ಬಂದೆ. ಮೇನ್ ಆರಿಸಿ ನೋಡುವುದು ಹೇಗೆಂದು ತೋರಿಸಲು ಹೊರಟರೆ, ಅವರು ಬೇಡ, ನಾವೇ ನೋಡುತ್ತೇವೆ ಎಂದರು. ರಾತ್ರಿ ಒಂಬತ್ತಕ್ಕೆ ವಿಡಿಯೋ ಬಂತು. ಮನೆಯೆಲ್ಲ ಕತ್ತಲು, ಹಿಂದೆ ಯಾರೋ ಮಗು ಎಣಿಸುತ್ತಿದೆ, ಒಂದು, ಎರಡು, ಮೂರು. ಆರಕ್ಕೆ ಸರಿಯಾಗಿ ಮಿನುಗುತ್ತಿದೆ.